ಹೊಸ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಯಾವ ಸಾಮಾನು ತಗೋಬೇಕು? ನಮ್ಮ ಕಡಿಯವರ ಅನುಭವ

ಕೇಳಿದವರು, ಜೇವರ್ಗಿ: ನಮಸ್ಕಾರ ರಿ. ನಾನು ಹೈಸ್ಕೂಲ್ ಟೀಚರ್. ಮಗಳು ಕಲಬುರಗಿಯಾಗ ಇಂಜಿನಿಯರಿಂಗ್ ಓದ್ಲತ್ತಾಳ. ಮನಿಗಿ ಡೆಸ್ಕ್‌ಟಾಪ್ ಜೋಡಿಸ್ಬೇಕು, ಅದರಾಗ ವಿಂಡೋಸ್ ಬ್ಯಾಡ, ಲಿನಕ್ಸ್ ಒಂದೇ ಇರ್ಬೇಕು ಅಂತ ಆಕಿ ಹಟ. ನನಗ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪ್ರಿಂಟ್ ತಗೆಯೋದು ಅದ. ಗೇಮ್ ಯಾರೂ ಆಡಂಗಿಲ್ಲ. ಅಂಗಡಿಯವರು ಎಲ್ಲಾ ನಡೀತದ ಅಂತಾರ. ಏನೇನು ನೋಡಿ ತಗೋಬೇಕು? ಮನ್ಯಾಗ ಹಳೇ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಅದ.

ಕಲಬುರಗಿಯಿಂದ: ಮೇಡಂ, ನಾನು ಕಂಪ್ಯೂಟರ್ ಜೋಡಿಸೋ ಕೆಲಸ ಮಾಡ್ತೀನಿ. ಪ್ರೊಸೆಸರ್ ಬಗ್ಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಇಂಟೆಲ್ ಇರ್ಲಿ, ಎಎಂಡಿ ಇರ್ಲಿ, ಎರಡರ ಮ್ಯಾಲೂ ಲಿನಕ್ಸ್ ಚೊಲೊ ನಡೀತದ. ಹೆಸರಿನ ಕೊನಿ ಅಕ್ಷರ ಮಾತ್ರ ನೋಡ್ರಿ. ಎಎಂಡಿಯ ರೈಜನ್ 5 5600ಜಿ ಒಳಗೇ ಗ್ರಾಫಿಕ್ಸ್ (ಪರದಿ ಮ್ಯಾಲ ಚಿತ್ರ ಮೂಡಿಸೋ ಭಾಗ) ಅದ, ಬರೀ 5600ರಾಗ ಇಲ್ಲ. ಇಂಟೆಲ್ ಐ3-12100ರಾಗ ಅದ, 12100ಎಫ್‌ನಾಗ ಇಲ್ಲ. ಎಫ್ ಇರೋದು ಸಲ್ಪ ಅಗ್ಗ ಸಿಗ್ತದ, ಆದ್ರ ಅದಕ್ಕ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಹಾಕ್ಲೇಬೇಕು. ನಿಮ್ಮ ಕೆಲಸಕ್ಕ ಕಾರ್ಡೇ ಬ್ಯಾಡ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಡ್ರೈವರ್ (ಸಾಮಾನು ನಡೆಸೋ ತಂತ್ರಾಂಶ) ಕರ್ನಲ್, ಅಂದ್ರ ಲಿನಕ್ಸ್‌ನ ತಿರುಳಿನ ಜೋಡಿನೇ ಬರ್ತದ. ಎನ್ವಿಡಿಯಾ ಕಾರ್ಡಿಗಿ ಕಂಪನಿ ಡ್ರೈವರ್ ಬ್ಯಾರೆ ಹಾಕ್ಬೇಕು, ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ತಡೆಯೋ ವ್ಯವಸ್ಥೆ) ಚಾಲೂ ಇದ್ರ ಅದರ ಕೀಲಿನೂ ನೋಂದಾಯಿಸ್ಬೇಕಾಗ್ತದ. ಮುಂದ ಮಗಳಿಗಿ ಮಷಿನ್ ಲರ್ನಿಂಗ್ ಸಲುವಾಗಿ ಬೇಕಾದ್ರ ಆಗ ಹಾಕ್ರಿ. ಎಸ್‌ಎಂಪಿಎಸ್ (ಒಳಗಿನ ಸಾಮಾನಿಗಿ ಕರೆಂಟ್ ಕೊಡೋ ಡಬ್ಬಿ) ಮಾತ್ರ ಈಗಲೇ ಜರ ದೊಡ್ಡದು ತಗೋರಿ.

ಸಾಮಾನು ಎಷ್ಟು ಹೊಸದೋ ಕರ್ನಲ್ ಅಷ್ಟು ಹೊಸದು ಬೇಕು. ಡೆಬಿಯನ್, ಉಬುಂಟು, ಮಿಂಟ್ ಇವೆಲ್ಲಾ ಲಿನಕ್ಸ್‌ನ ಬ್ಯಾರೆ ಬ್ಯಾರೆ ರೂಪ. 2023ರ ಡೆಬಿಯನ್ 12ರಾಗ ಇರೋ ಕರ್ನಲ್ 6.1, ಉಬುಂಟು 24.04 ಬಂದದ್ದು 6.8 ಜೋಡಿ, 2025ರ ಡೆಬಿಯನ್ 13ರಾಗ 6.12. ಒಂದೆರಡು ವರ್ಷ ಹಳೇ ಮಾಡೆಲ್ ತಗೊಂಡ್ರ ಈ ಚಿಂತಿನೇ ಇಲ್ಲ, ರೊಕ್ಕಾನೂ ಉಳೀತದ.

ಅಂಗಡಿಗಿ ಹೋಗ್ವಾಗ ಪೆನ್‌ಡ್ರೈವ್‌ನಾಗ ಲೈವ್ (ಇನ್‌ಸ್ಟಾಲ್ ಮಾಡದೇ ನಡಿಯೋ) ಉಬುಂಟು ಇಲ್ಲಾ ಮಿಂಟ್ ಒಯ್ರಿ. ರೊಕ್ಕ ಕೊಡೋಕ್ಕಿಂತ ಮೊದ್ಲ ಅದರಿಂದ ಬೂಟ್ ಮಾಡಿ ಸೌಂಡ್, ಲ್ಯಾನ್, ವೈಫೈ ನೋಡ್ರಿ, ಸಸ್ಪೆಂಡ್ ಮಾಡಿದ್ರ ತಿರುಗಿ ಏಳ್ತದೋ ಇಲ್ಲೋ ಅದನ್ನೂ ನೋಡ್ರಿ. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಕೆ ಆಯ್ಕೆ ಕೊಟ್ರ (lspci -k) ಯಾವ ಚಿಪ್‌ಗೆ ಯಾವ ಡ್ರೈವರ್ ಹತ್ತ್ಯದ ಅಂತ ತೋರಿಸ್ತದ. ವೈಫೈ, ಲ್ಯಾನ್, ಸೌಂಡ್ ಕೆಳಗ ಡ್ರೈವರ್ ಸಾಲು ಇಲ್ಲಂದ್ರ ಅಲ್ಲೇ ಕೇಳ್ರಿ. ಹಿಂಗ ನೋಡ್ಲಿಕ್ಕಿ ಬಿಡಂಗಿಲ್ಲ ಅಂದ್ರ ಬ್ಯಾರೆ ಅಂಗಡಿಗಿ ಹೋಗ್ರಿ.

ಬೀದರ್‌ನಿಂದ: ಅಣ್ಣಾವ್ರು ಹೇಳಿದ್ದು ಖರೆ. ಆದ್ರ ನಾ ಕಂಡಂಗ ಹೆಚ್ಚು ತ್ರಾಸ ಕೊಡೋದು ವೈಫೈ. ನಮ್ಮ ಆಫೀಸಿಗಿ ತಂದ ಒಂದು ಯುಎಸ್‌ಬಿ ಡಾಂಗಲ್‌ದ ಡ್ರೈವರ್ ಕರ್ನಲ್‌ನಾಗ ಇರ್ಲಿಲ್ಲ, ಹೊರಗಿಂದ ಹಾಕಿದ್ವಿ. ಕರ್ನಲ್ ಅಪ್‌ಡೇಟ್ ಆದಾಗೊಮ್ಮೆ ನೆಟ್ ಹೋಗೋದು. ಮೊಬೈಲಿಗಿ ಕೇಬಲ್ ಹಚ್ಚಿ ಯುಎಸ್‌ಬಿ ಟೆಥರಿಂಗ್ ಮೂಲಕ ಡ್ರೈವರ್ ಮತ್ತ ಇಳಿಸ್ಕೋಬೇಕಾಗ್ತಿತ್ತು. ಡಬ್ಬಿ ಮ್ಯಾಲಿನ ಮಾಡೆಲ್ ನಂಬರ್ ಒಂದನ್ನೇ ನಂಬಬ್ಯಾಡ್ರಿ ಅಕ್ಕಾ, ಅದೇ ಹೆಸರಿನ ವಿ1, ವಿ2, ವಿ3 ಒಳಗ ಬ್ಯಾರೆ ಬ್ಯಾರೆ ಚಿಪ್ ಇರ್ತಾವ. ಇಂಟೆಲ್‌ನ ಎಎಕ್ಸ್210 ವೈಫೈ ಚಿಪ್ ಇರೋ ಪಿಸಿಐಇ ಕಾರ್ಡ್ (ಬೋರ್ಡಿನ ಸ್ಲಾಟಿಗಿ ಹಾಕೋದು) ಕೇಳ್ರಿ, 5.10 ಕರ್ನಲ್‌ನಿಂದ ಅದಕ್ಕ ಬೆಂಬಲ ಅದ. ಎಎಕ್ಸ್211 ಕೊಟ್ರ ಬ್ಯಾಡ ಅನ್ರಿ. ಅದು ಹೊಂದೋದು ಇಂಟೆಲ್ ಬೋರ್ಡ್‌ಗಳಿಗಷ್ಟೇ, ಎಎಂಡಿ ಬೋರ್ಡಿನಾಗ ನಡೆಯಂಗಿಲ್ಲ. ಇಲ್ಲಿ ಸಿಗ್ಲಿಲ್ಲಂದ್ರ ಸಿಕಂದರಾಬಾದ್‌ದ ಸಿಟಿಸಿ, ಅದೇ ಚೆನಾಯ್ ಟ್ರೇಡ್ ಸೆಂಟರ್‌ನಾಗ ಹುಡುಕ್ರಿ. ನಾವು ಇಂಥ ಸಾಮಾನಿಗಿ ಅಲ್ಲಿಗೇ ಹೋಗ್ತೀವಿ.

ಯಾದಗಿರಿಯಿಂದ: ಪ್ರಿಂಟರ್ ಮಾತು ಯಾರೂ ತಗೀಲಿಲ್ಲ. ಎಲ್‌ಬಿಪಿ 2900ಕ್ಕ ಪ್ರಿಂಟರ್‌ಗಳ ಸಾಮಾನ್ಯ ಭಾಷೆಗಳಾದ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ತಿಳಿಯಂಗಿಲ್ಲ, ಕ್ಯಾಪ್ಟ್ ಅನ್ನೋ ಕ್ಯಾನನ್‌ದೇ ಪದ್ಧತಿ ಬೇಕು. ಕಂಪನಿಯ ಲಿನಕ್ಸ್ ಡ್ರೈವರ್ ಹಳೇದು. ಕ್ಯಾಪ್ಟ್‌ಡ್ರೈವರ್ ಅಂತ ಹೊರಗಿನ ಮಂದಿ ಬರೆದದ್ದು ಇನ್ನೊಂದು ಅದ, ಅದನ್ನ ಕಂಪೈಲ್ ಮಾಡ್ಬೇಕು (ಮೂಲ ಕೋಡ್‌ನಿಂದ ನಾವೇ ತಯಾರ್ ಮಾಡ್ಕೋಬೇಕು). ನಿಮ್ಮ ಮಗಳಿಗಿ ಅದು ಕಷ್ಟ ಆಗ್ಲಿಕ್ಕಿಲ್ಲ. ಹೊಸದು ತಗೊಳ್ಳೋದಿದ್ರ ಏರ್‌ಪ್ರಿಂಟ್ ಇಲ್ಲಾ ಐಪಿಪಿ ಎವ್ರಿವೇರ್ ಅಂತ ಬರೆದಿರೋದು ನೋಡ್ರಿ. ಬ್ಯಾರೆ ಡ್ರೈವರ್ ಹಾಕೋದೇ ಬೇಕಿಲ್ಲ.

ಶಹಾಬಾದ್‌ನಿಂದ: ನಮ್ಮ ಬ್ಯಾಸಗಿ ಮರೀಬ್ಯಾಡ್ರಿ. ಏಪ್ರಿಲ್, ಮೇದಾಗ 42 ಡಿಗ್ರಿ ದಾಟ್ತದ, ಮ್ಯಾಲ ಕಲ್ಲಿನ ಧೂಳು. ಮುಂದ ಜಾಳಗಿ, ಅದರ ಹಿಂದ ತಗದು ತೊಳಿಯೋ ಫಿಲ್ಟರ್ ಇರೋ ಕ್ಯಾಬಿನೆಟ್ ತಗೋರಿ. ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇರ್ಲಿ. ನಟ್ ಅನ್ನೋ ತಂತ್ರಾಂಶ ಹಾಕಿದ್ರ ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನೇ ಶಟ್‌ಡೌನ್ ಆಗ್ತದ. ಆ ಮಾಡೆಲ್ ನಟ್‌ನ ಹೊಂದಾಣಿಕೆ ಪಟ್ಟಿಯಾಗ ಅದನೋ ಇಲ್ಲೋ ಮೊದ್ಲ ನೋಡ್ಕೋರಿ.

ಕೇಳಿದವರು: ಎಲ್ಲಾರಿಗೂ ಭಾಳ ಧನ್ಯವಾದ ರಿ. 5600ಜಿ, ಎಎಕ್ಸ್210 ಕಾರ್ಡ್ ಅಂತ ಬರ್ಕೊಂಡೀನಿ. ಮಗಳಿಗಿ ಬ್ಲೂಟೂತ್ ಹೆಡ್‌ಫೋನ್ ಬೇಕಂತ, ಅದಕ್ಕ ಬ್ಯಾರೆ ಡಾಂಗಲ್ ತಗೋಬೇಕೇನು?

ಕಲಬುರಗಿಯಿಂದ: ಬ್ಯಾಡ್ರಿ ಮೇಡಂ, ಎಎಕ್ಸ್210ರಾಗೇ ಬ್ಲೂಟೂತ್ ಅದ. ಕಾರ್ಡಿನ ಜೋಡಿ ಒಂದು ಸಣ್ಣ ಕೇಬಲ್ ಬರ್ತದ, ಅದನ್ನ ಬೋರ್ಡಿನ ಒಳಗಿನ ಯುಎಸ್‌ಬಿ 2.0 ಪಿನ್‌ಗೆ ಹಾಕಿಸ್ರಿ. ಹಾಕ್ಲಿಲ್ಲಂದ್ರ ವೈಫೈ ನಡೀತದ, ಬ್ಲೂಟೂತ್ ಕಾಣಂಗಿಲ್ಲ. ಕ್ಯಾಬಿನೆಟ್ ಮುಂದಿನ ಯುಎಸ್‌ಬಿನೂ ಅಂಥಾದ್ದೇ ಪಿನ್ ಕೇಳ್ತದ, ಅದಕ್ಕ ಎರಡು ಇರೋ ಬೋರ್ಡೇ ತಗೋರಿ.