ಪದಚರ್ಚೆ: ಸಕ್ಕರೆ ದ್ರಾವಣ ‘ಬಲಮುರಿ’ಯೇ?

ಬಲ್ಲವರಿಗೆ ನಮಸ್ಕಾರ.

ವಿರಾಜಪೇಟೆಯ ಪದವಿ ವಿದ್ಯಾರ್ಥಿಗಳಿಗಾಗಿ ಭೌತವಿಜ್ಞಾನದ ಪ್ರಯೋಗಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೆಳಕಿನ ಕಂಪನದ ತಲ ಎಷ್ಟು ತಿರುಗಿತೆಂದು ಅಳೆಯುವ ಪೋಲರಿಮೀಟರ್ ಪ್ರಯೋಗಕ್ಕೆ, ಅದನ್ನು ಬಲಕ್ಕೆ ತಿರುಗಿಸುವ, ಎಡಕ್ಕೆ ತಿರುಗಿಸುವ ಪದಾರ್ಥಗಳನ್ನು ಹೆಸರಿಸಲು ಒಂದು ಜೋಡಿ ಪದ ಬೇಕಾಗಿದೆ.

ಸಮತಲ ಧ್ರುವೀಕೃತ ಬೆಳಕಿನ ಕಂಪನವೆಲ್ಲ ಒಂದೇ ತಲದಲ್ಲಿರುತ್ತದೆ. ಸಕ್ಕರೆ ದ್ರಾವಣದೊಳಗೆ ಹಾಯುವಾಗ ಬೆಳಕು ನೇರವಾಗಿಯೇ ಸಾಗುತ್ತದೆ, ಕಂಪನದ ತಲ ಮಾತ್ರ ಸಾಗಿದಷ್ಟೂ ತಿರುಗುತ್ತ ಹೋಗುತ್ತದೆ. ಫ್ರಾನ್ಸಿನ ವಿಜ್ಞಾನಿ ಬಿಯೋ 1815ರಲ್ಲಿ ದ್ರವಗಳಲ್ಲಿ ಇದನ್ನು ಕಂಡ. 100 ಮಿಲಿಲೀಟರ್ ದ್ರಾವಣದಲ್ಲಿ 10 ಗ್ರಾಂ ಸಕ್ಕರೆ, 20 ಸೆಂಟಿಮೀಟರ್ ಉದ್ದದ ಕೊಳವೆ, ಸೋಡಿಯಂ ದೀಪದ ಹಳದಿ ಬೆಳಕು ಇದ್ದರೆ ತಲ ಸುಮಾರು 13.3 ಡಿಗ್ರಿ ಬಲಕ್ಕೆ ತಿರುಗುತ್ತದೆ. ಬರುವ ಬೆಳಕಿಗೆ ಎದುರಾಗಿ ನಿಂತವರ ಕಣ್ಣಿಗೆ ಗಡಿಯಾರದ ಮುಳ್ಳಿನ ದಿಕ್ಕೇ ಬಲ ಎಂಬುದು ಒಪ್ಪಿತ ರೂಢಿ. ಗ್ಲೂಕೋಸ್ ಕೂಡ ಬಲಕ್ಕೆ ತಿರುಗಿಸುತ್ತದೆ. ಫ್ರಕ್ಟೋಸ್ ಎಡಕ್ಕೆ, ಅದೂ ಗ್ಲೂಕೋಸಿಗಿಂತ ಹೆಚ್ಚಾಗಿ. ಆದ್ದರಿಂದಲೇ ಇವೆರಡೂ ಇರುವ, ಹೂವಿನ ಮಕರಂದದಿಂದಾದ ಜೇನುತುಪ್ಪ ಸಾಮಾನ್ಯವಾಗಿ ಎಡಕ್ಕೆ ತಿರುಗಿಸುತ್ತದೆ, ಬರಿಯ ಸಕ್ಕರೆ ಪಾಕ ಬಲಕ್ಕೆ. ಜೇನಿನ ನಾಡಾದ ಕೊಡಗಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

‘ಧ್ರುವೀಕರಣ’ವನ್ನು ನಾನು ಕದಲಿಸಲು ಹೋಗುವುದಿಲ್ಲ. ಬೆಳಕಿನ ಕಣಗಳಿಗೆ ಧ್ರುವಗಳಿವೆ ಎಂದು ಎಣಿಸಿ ಫ್ರಾನ್ಸಿನ ಇನ್ನೊಬ್ಬ ವಿಜ್ಞಾನಿ ಮಾಲ್ಯೂಸ್ ಇಟ್ಟ ಹೆಸರು ಅದು. ಎಣಿಕೆ ಬಿದ್ದುಹೋದರೂ ಹೆಸರು ನಿಂತಿದೆ. ನನ್ನ ತೊಡಕು ಬಲ-ಎಡಗಳದ್ದು. ‘ದಕ್ಷಿಣಾವರ್ತ, ವಾಮಾವರ್ತ’ ಎಂದು ಬರೆದರೆ ವಿದ್ಯಾರ್ಥಿಗೆ ಮೊದಲು ದಕ್ಷಿಣ ದಿಕ್ಕು ನೆನಪಾಗುತ್ತದೆ. ‘ಬಲಮುರಿ, ಎಡಮುರಿ’ ಏಕಾಗಬಾರದು? ಮುರಿ ಎಂದರೆ ತಿರುಗು, ಬಾಗು ಎಂಬ ಹಳೆಯ ಅರ್ಥ ಇವುಗಳಲ್ಲಿ ಇನ್ನೂ ಜೀವಂತವಾಗಿದೆ.

ಇದಕ್ಕೆ ಆಕ್ಷೇಪ ನಮ್ಮ ಊರಿನಿಂದಲೇ ಬರುತ್ತದೆ. ಮೂರ್ನಾಡಿನ ಹತ್ತಿರದ ಬಲಮುರಿ ಎಲ್ಲರಿಗೂ ಗೊತ್ತು. ಕಾವೇರಿ ಅಲ್ಲಿ ಬಲಕ್ಕೆ ಹೊರಳಿದ್ದರಿಂದ ಆ ಹೆಸರು ಎನ್ನುತ್ತಾರೆ. ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂಬ ಐತಿಹ್ಯವೂ ಅಲ್ಲಿಯದೇ. ಹೊಳೆಯ ಬಲಮುರಿಯಲ್ಲಿ ಬಾಗುವುದು ದಾರಿ. ಸಕ್ಕರೆಯಲ್ಲಿ ಬೆಳಕಿನ ದಾರಿ ಬಾಗುವುದೇ ಇಲ್ಲ. ಪದ ನೋಡಿ ವಿದ್ಯಾರ್ಥಿ ಇದನ್ನು ವಕ್ರೀಭವನ, ಅಂದರೆ ಬೆಳಕಿನ ದಾರಿಯೇ ಬಾಗುವುದು, ಎಂದು ತಿಳಿದರೆ ಪ್ರಯೋಗದ ತಿರುಳೇ ಕೈತಪ್ಪುತ್ತದೆ.

ಆದರೆ ಬಲಮುರಿ ಶಂಖವೂ ಇದೆಯಲ್ಲ? ನನ್ನ ಒಲವು ಆ ಅರ್ಥದ ಕಡೆಗೆ, ಕಾರಣವೂ ಗಟ್ಟಿಯಾಗಿದೆ. ಹೊಳೆಯ ಬಲತಿರುವು, ಹರಿವಿಗೆ ಎದುರಾಗಿ ನಡೆದರೆ ಎಡತಿರುವಾಗುತ್ತದೆ. ಶಂಖದ ಸುರುಳಿ ಯಾವ ತುದಿಯಿಂದ ನೋಡಿದರೂ ತನ್ನ ಜಾತಿ ಬದಲಿಸುವುದಿಲ್ಲ. ಸಕ್ಕರೆ ದ್ರಾವಣವೂ ಹಾಗೆಯೇ: ಕೊಳವೆಯನ್ನು ತಿರುಗಿಸಿ ಇನ್ನೊಂದು ತುದಿಯಿಂದ ಬೆಳಕು ಹಾಯಿಸಿದರೂ ಎದುರಿಗೆ ನಿಂತವರಿಗೆ ತಲ ಬಲಕ್ಕೇ ತಿರುಗುತ್ತದೆ. ಪದಾರ್ಥದ ಈ ಗುಣವನ್ನು ‘ಬಲಮುರಿ’ ಹಿಡಿದಷ್ಟು ಚೆನ್ನಾಗಿ ‘ಬಲಕ್ಕೆ ತಿರುಗಿಸುವ’ ಎಂಬ ವಿವರಣೆ ಹಿಡಿಯುವುದಿಲ್ಲ.

ಒಂದು ಅಡ್ಡಿ ಉಳಿಯುತ್ತದೆ. ಪ್ರಾಣಿವಿಜ್ಞಾನಿಗಳು ಶಂಖದ ಸುರುಳಿಯ ಮೊನೆಯನ್ನು ಮೇಲೆ ಮಾಡಿ, ಬಾಯಿ ತಮ್ಮತ್ತ ಇರುವಂತೆ ಹಿಡಿಯುತ್ತಾರೆ. ಆಗ ನಮ್ಮ ಬಲಮುರಿಯ ಬಾಯಿ ಎಡಕ್ಕೆ ಬರುವುದರಿಂದ ಅವರ ಲೆಕ್ಕದಲ್ಲಿ ಅದು ಎಡಸುರುಳಿ. ಒಂದೇ ವಿದ್ಯಾರ್ಥಿ ಎರಡೂ ಪಾಠ ಓದಿದರೆ ಗೊಂದಲವಾದೀತೇ? ಅಥವಾ ‘ಬೆಳಕಿಗೆ ಎದುರಾಗಿ’ ಎಂಬ ಷರತ್ತನ್ನು ಮೊದಲ ಬಳಕೆಯಲ್ಲೇ ಬರೆದುಬಿಟ್ಟರೆ ಸಾಕೇ?

ಜೊತೆಗೆ ಇನ್ನೊಂದು. ಸಕ್ಕರೆಗೆ ಆಮ್ಲ ಸೇರಿಸಿ ಕಾಯಿಸಿದರೆ ಅದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದು, ಬಲಮುರಿಯಾಗಿದ್ದ ದ್ರಾವಣ ಎಡಮುರಿಯಾಗುತ್ತದೆ. ಇನ್ವರ್ಟ್ ಸಕ್ಕರೆ ಎಂಬ ಹೆಸರು ಬಂದದ್ದು ಇದರಿಂದ. ಇದನ್ನು ‘ಮಗುಚಿದ ಸಕ್ಕರೆ’ ಎನ್ನಬಹುದೇ, ಅಥವಾ ಮಿಠಾಯಿ, ಬೇಕರಿ ಕೆಲಸದವರಲ್ಲಿ ಬೇರೆ ಕನ್ನಡ ಹೆಸರು ಬಳಕೆಯಲ್ಲಿದೆಯೇ? ಬಲ್ಲವರು ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.