ಕರಿಯನ ಹಲ್ಲಿಗೆ ಸೋಡಾ-ನಿಂಬೆ ಬೇಡ ಅತ್ತಿಗೆ

ಅತ್ತಿಗೆ, ಇದು ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳಿ. ನಿಮ್ಮ ನಾಯಿ ಕರಿಯಂಗೆ ಬಾಯಿ ವಾಸನೆ, ಹಿಂದಿನ ಹಲ್ಲೆಲ್ಲ ಕಂದು ಬಣ್ಣ, ಹೆಚ್ಚು ದುಡ್ಡಿಲ್ದೆ ಮನೇಲೇ ಏನಾದ್ರೂ ಮಾಡ್ಬಹುದಾ ಅಂತ ಕೇಳಿದ್ರಲ್ಲ, ಅದಕ್ಕೇ ಈ ಮೆಸೇಜು. ಮಾವ ನಮ್ಮ ಟೂತ್‌ಪೇಸ್ಟಲ್ಲೇ ಉಜ್ಜಿ ಅಂದಿದ್ದಾರೆ. ಇನ್ಯಾರೋ ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ತಿಕ್ಕೋ ವಿಡಿಯೋ ಹಾಕಿದ್ದಾರೆ. ದಯವಿಟ್ಟು ಎರಡೂ ಮಾಡ್ಬೇಡಿ.

ನಾಯಿ ಉಗಿಯಲ್ಲ ಅತ್ತಿಗೆ, ಹಾಕಿದ್ದೆಲ್ಲ ನುಂಗುತ್ತೆ. ನಮ್ಮ ಎಷ್ಟೋ ಪೇಸ್ಟಲ್ಲಿ ಫ್ಲೋರೈಡ್ ಇರುತ್ತೆ, ಕೆಲವದ್ರಲ್ಲಿ ಜೈಲಿಟಾಲ್ ಅನ್ನೋ ಸಿಹಿ ಇರುತ್ತೆ. ಈ ಜೈಲಿಟಾಲ್ ನಾಯಿಗೆ ವಿಷ. ಸ್ವಲ್ಪ ಹೋದ್ರೂ ರಕ್ತದ ಸಕ್ಕರೆ ದಿಢೀರಂತ ಇಳಿದುಬಿಡುತ್ತೆ, ಜಾಸ್ತಿ ಹೋದ್ರೆ ಲಿವರ್ರೂ ಕೆಡಬಹುದು. ನಿಂಬೆ ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತೆ, ಹುಣ್ಣಾದ ವಸಡಿಗೆ ಬಿದ್ರೆ ಉರಿ. ಒಂದ್ಸಲ ಉರಿದ ಮೇಲೆ ಕರಿಯ ಮತ್ತೆ ನಿಮ್ಮ ಕೈಗೆ ಬಾಯಿ ಕೊಡಲ್ಲ.

ಈಗ ಆ ಕಂದು ಬಣ್ಣದ ವಿಷಯ. ಊಟ ಆದ ಮೇಲೆ ಹಲ್ಲಿಗೆ ಜಿಗಿಜಿಗಿ ಪಾಚಿ ಅಂಟುತ್ತೆ, ಅದು ಮೆತ್ತಗಿರುತ್ತೆ, ಬಟ್ಟೇಲಿ ಒರೆಸಿದ್ರೆ ಬರುತ್ತೆ. ಒರೆಸ್ದೆ ಬಿಟ್ರೆ ಎರಡು ಮೂರು ದಿನದಲ್ಲಿ ಜೊಲ್ಲಿನ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತೆ, ಬೋರ್ ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಕಟ್ಟುತ್ತಲ್ಲ, ಹಂಗೆ. ಹಲ್ಲಿನ ಕಲ್ಲು ಅನ್ನೋದು ಇದನ್ನೇ, ಆ ಗಟ್ಟಿಯಾಗಿದ್ದನ್ನ ಯಾವ ಬ್ರಷ್ಷೂ ತೆಗೆಯಲ್ಲ. ಚಾಕು, ಸ್ಕ್ರೇಪರ್ ಹಾಕಿ ಕೆರೆದ್ರೆ ಹಲ್ಲಿಗೆ ಗೀರು ಬಿದ್ದು ಪಾಚಿ ಇನ್ನೂ ಬೇಗ ಹಿಡಿಯುತ್ತೆ. ಕಾಯಿಲೆ ಇರೋದು ವಸಡಿನ ಒಳಗೆ, ಮೇಲೆ ಕೆರೆದು ಬೆಳ್ಳಗೆ ಮಾಡಿದ್ರೆ ಅದು ಹಂಗೇ ಉಳ್ಕೊಳುತ್ತೆ. ಹಂಗಾಗಿ ಮನೇಲಿ ಮಾಡೋ ಕೆಲಸ ಪಾಚಿ ಗಟ್ಟಿಯಾಗೋಕೆ ಬಿಡ್ದೆ ಒರೆಸೋದು, ಅಷ್ಟೇ. ವಾರಕ್ಕೊಂದ್ಸಲ ಜೋರಾಗಿ ಉಜ್ಜೋದಕ್ಕಿಂತ ದಿನಾ ಒಂದು ನಿಮಿಷ ಸಾಕು.

ಮೆಡಿಕಲ್ ಸ್ಟೋರಲ್ಲಿ ಗಾಜ್ ಬಟ್ಟೆ ತಗೊಳಿ, ಇಲ್ಲಾಂದ್ರೆ ಒಗೆದ ಹಳೇ ಹತ್ತಿ ಪಂಚೆ ಹರಿದು ತೋರುಬೆರಳಿಗೆ ಸುತ್ತಿಕೊಳ್ಳಿ. ಉಗುರುಬೆಚ್ಚಗಿನ ನೀರು, ಬೇರೇನೂ ಬೇಡ. ಮೊದಲ ಮೂರ್ನಾಲ್ಕು ದಿನ ರಾತ್ರಿ ಊಟ ಆದ್ಮೇಲೆ ಬರೀ ತುಟಿ ಎತ್ತಿ ನೋಡಿ, ಬೇಯಿಸಿದ ಕೋಳಿ ಚೂರು ಕೊಟ್ಟು ಬಿಟ್ಬಿಡಿ. ಒಗ್ಗಿದ ಮೇಲೆ ಬೆರಳು. ಬಾಯಿ ಅಗಲಿಸೋದು ಬೇಡ, ಎಲ್ಲರೂ ಎಡವೋದು ಅಲ್ಲೇ. ಬಾಯಿ ಮುಚ್ಚಿರ್ಲಿ, ಕೆನ್ನೆ ಒಳಗೆ ಬೆರಳು ತೂರಿಸಿ ಹೊರಗಡೆ ಮುಖ ಮಾತ್ರ ಒರೆಸಿ, ಒಳಗಡೇದನ್ನ ಬಹುಮಟ್ಟಿಗೆ ನಾಲಿಗೆ ನೋಡ್ಕೊಳುತ್ತೆ. ಮೇಲ್ದವಡೆ ಹಿಂದೆ ಒಂದು ದೊಡ್ಡ ಹಲ್ಲಿದೆ, ಜೊಲ್ಲಿನ ನಾಳ ಅದರ ಹತ್ರಾನೇ ತೆರೆಯೋದು. ಕಲ್ಲು ಮೊದಲು ಕಟ್ಟೋದೂ ಅಲ್ಲೇ. ಒಟ್ಟು 42 ಹಲ್ಲು ಇದ್ರೂ, ಟೈಮಿಲ್ಲದ ದಿನ ಆ ಎರಡೂ ಕಡೆ ಹಿಂದಿನ ಹಲ್ಲು ಒರೆಸಿದ್ರೆ ಅರ್ಧ ಕೆಲಸ ಆದಂಗೆ. ಎರಡು ವಾರ ಆದ್ಮೇಲೆ ಪುಟ್ಟ ಮಕ್ಕಳ ಸಾಫ್ಟ್ ಬ್ರಷ್ ತಗೊಂಡು, ವಸಡು ಹಲ್ಲು ಸೇರೋ ಗೆರೆ ಮೇಲೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತು. ಪೇಸ್ಟ್ ಬೇಕೇ ಬೇಕು ಅಂದ್ರೆ ನಾಯೀದೇ ತರಿಸಿ, ಕಡಲೆಕಾಳಷ್ಟು ಸಾಕು.

ಊಟದ ವಿಷಯ. ಮುದ್ದೆ ಹಾಕೋದು ತಪ್ಪಲ್ಲ, ಆದ್ರೆ ಬಸ್ಸಾರು, ಉಪ್ಸಾರು ಕಲಸಬೇಡಿ, ಅದರಲ್ಲಿರೋ ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಟೀ ಜೊತೆ ಬಿಸ್ಕತ್ತು ನಿಲ್ಲಿಸಿ. ಭಾನುವಾರದ ಬೆಂದ ಮಟನ್ ಮೂಳೆ ಹಲ್ಲು ಕ್ಲೀನ್ ಮಾಡುತ್ತೆ ಅನ್ನೋದನ್ನೂ ನಂಬ್ಬೇಡಿ. ಬೆಂದ ಮೂಳೆ ಚೂರುಚೂರಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತೆ, ಗಟ್ಟಿ ಮೂಳೆಗೆ ಆ ದೊಡ್ಡ ಹಲ್ಲೇ ಸೀಳುತ್ತೆ. ಅಗಿಯೋಕೆ ಏನೇ ಕೊಟ್ರೂ ನಿಮ್ಮ ಹೆಬ್ಬೆರಳ ಉಗುರು ಒತ್ತಿದ್ರೆ ಗುರುತು ಬೀಳ್ಬೇಕು.

ನೋವಿಗೆ ಅಂತ ನಾವು ತಗೊಳೋ ಐಬುಪ್ರೊಫೇನ್ ಮಾತ್ರೆ ಕೊಡ್ಲೇಬೇಡಿ, ಹೊಟ್ಟೆ, ಕಿಡ್ನಿ ಎರಡೂ ಹೋಗುತ್ತೆ. ಪಕ್ಕದ ಮನೆ ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಪ್ರಾಣ ತೆಗೆಯುತ್ತೆ, ಅವರಿಗೂ ಹೇಳಿ.

ಡಾಕ್ಟರ ಹತ್ರ ಯಾವಾಗ ಅಂದ್ರೆ: ಒಂದೇ ಕಡೆ ಅಗಿಯೋದು, ತಿನ್ನೋಕೆ ಹೋಗಿ ಬಿಟ್ಬಿಡೋದು, ಜೊಲ್ಲಲ್ಲಿ ರಕ್ತ, ಹಲ್ಲು ಅಲ್ಲಾಡೋದು. ಕಣ್ಣಿನ ಕೆಳಗೆ ಊತ ಬಂದ್ರೆ ಅದು ಕಣ್ಣಿನ ತೊಂದರೆ ಅಂತ ಡ್ರಾಪ್ಸ್ ಹಾಕ್ತಾ ಕೂರ್ಬೇಡಿ, ಎಷ್ಟೋ ಸಲ ಅದು ಆ ದೊಡ್ಡ ಹಲ್ಲಿನ ಬೇರಲ್ಲಿ ಕೀವು. ಕರಿಯಂದು ವಸಡೇ ಕಪ್ಪು, ಕೆಂಪಾಗಿದ್ರೂ ಗೊತ್ತಾಗಲ್ಲ, ಅದಕ್ಕೆ ಅಂಚು ಉಬ್ಬಿದೆಯಾ, ಮುಟ್ಟಿದ್ರೆ ರಕ್ತ ಬರುತ್ತಾ ನೋಡಿ. ಮೊದಲು ಮಂಡ್ಯದಲ್ಲೇ ಸರ್ಕಾರಿ ಪಶು ಆಸ್ಪತ್ರೇಲಿ ತೋರಿಸಿ, ಅಲ್ಲಿ ಖರ್ಚು ಕಮ್ಮಿ. ಕಲ್ಲು ತೆಗೀಬೇಕು ಅಂದ್ರೆ ಅರಿವಳಿಕೆ ಕೊಟ್ಟೇ ತೆಗೀಬೇಕು, ಆ ವ್ಯವಸ್ಥೆ ಅಲ್ಲಿಲ್ಲ ಅಂದ್ರೆ ಮೈಸೂರಿಗೆ ಕರ್ಕೊಂಡು ಬನ್ನಿ. ರೇಟ್ ಕೇಳುವಾಗ ಮುಂಚಿನ ರಕ್ತ ಪರೀಕ್ಷೆ, ಆಮೇಲಿನ ಪಾಲಿಶ್ ಎರಡೂ ಸೇರಿದೆಯಾ ಕೇಳಿ. ಪಾಲಿಶ್ ಮಾಡ್ದೆ ಬಿಟ್ರೆ ಹಲ್ಲು ತರಿತರಿ ಉಳಿದು ಮತ್ತೆ ಬೇಗ ಕಟ್ಟುತ್ತೆ. ಪುಡಿ, ಸ್ಪ್ರೇ ಅಂತ ತಿಂಗಳು ತಿಂಗಳು ಖರ್ಚು ಮಾಡೋ ದುಡ್ಡನ್ನ ಇದಕ್ಕೇ ಎತ್ತಿಡಿ.

ಇವತ್ತು ರಾತ್ರಿ ತುಟಿ ಎತ್ತಿ, ಟಾರ್ಚ್ ಬಿಟ್ಟು ಎರಡೂ ಕಡೆ ಫೋಟೋ ತೆಗೆದು ಗ್ರೂಪಿಗೆ ಹಾಕಿ ಅತ್ತಿಗೆ, ಮೇಲಿನ ಹಿಂದಿನ ಹಲ್ಲು, ವಸಡು ಎರಡೂ ಕಾಣೋ ಹಾಗೆ. ಅದನ್ನ ನೋಡಿ, ಬಟ್ಟೆ ಸಾಕಾ ಇಲ್ಲ ಮೊದಲು ಡಾಕ್ಟರಾ ಅಂತ ಹೇಳ್ತೀನಿ.