ಬಾಜೂ ಹೊಲದವ್ರಿಗೆ ಬೆಳೆ ಪರಿಹಾರ ಬಂದದ, ನಮಗ ಯಾಕ ಬಂದಿಲ್ಲ?

ಕರಿಮಣ್ಣು:
ಕಲಬುರಗಿ ಜಿಲ್ಲಾದಾಗ ಭೀಮಾ ದಂಡಿಗೆ ನಮ್ದು ನಾಲ್ಕು ಎಕರೆ ಹೊಲ ಅದ. 2025ರ ಸೆಪ್ಟೆಂಬರ್‌ದಾಗ ಹೊಳಿ ನೀರು ಹೊಕ್ಕು ತೊಗರಿ ಪೂರಾ ಹೋಯ್ತು, ನೀರು ಇಳದ್ಮ್ಯಾಲ ನೋಡಿದ್ರ ಗಿಡ ಬುಡದಾಗ ಕರ್ರಗಾಗಿ ಕೈ ಹಚ್ಚಿದ್ರ ಕಿತ್ತ್ ಬರ್ತಿದ್ವು. ಸರ್ವೇದವ್ರು ಬಂದು ಫೋಟೋ ಹೊಡ್ಕೊಂಡೂ ಹೋದ್ರು. ಬದುವಿನ ಆ ಕಡಿಯವ್ರಿಗೆ ರೊಕ್ಕ ಜಮಾ ಆಗ್ಯದ, ನಮಗ ಒಂದ್ ಮೆಸೇಜೂ ಇಲ್ಲ. ಪಹಣಿ ಇನ್ನಾ ಮುತ್ಯಾನ ಹೆಸರಿಗೇ ಅದ, ಅವರು ತೀರಿಕೊಂಡು ಭಾಳ ವರ್ಷ ಆಯ್ತು. ಅಪ್ಪ ಆಫೀಸಿಗಿ ಹೋದ್ರ ಮ್ಯಾಲಿಂದ ಬರಬೇಕು ಅಂತಾರಂತ. ನಾ ಬೆಂಗಳೂರಾಗ ಇರ್ತೀನಿ, ಇಲ್ಲಿಂದ ಏನರೆ ಚೆಕ್ ಮಾಡ್ಬಹುದಾ? ಎಕರೆಗ ಎಷ್ಟ್ ಬರ್ತದ?

ಮಂಡ್ಯದ್ ಹೈದ:
ಮೊದ್ಲು ಸರ್ಕಾರದ ಪರಿಹಾರ ಪೋರ್ಟಲ್‌ಗೆ ಹೋಗಿ, ವರ್ಷ, ಮುಂಗಾರು, ಪ್ರವಾಹ ಅಂತ ಸೆಲೆಕ್ಟ್ ಮಾಡಿ ಸರ್ವೆ ನಂಬರ್ ಹಾಕಿ ನೋಡಿ ಬ್ರೋ. ಆಧಾರ್ ಹಾಕಿದ್ರೆ ನಿಮ್ ತಂದೆ ಹೆಸರಲ್ಲಿ ಏನೂ ಬರಲ್ಲ, ಯಾಕಂದ್ರೆ ಜಮೀನು ಅವ್ರ ಹೆಸರಲ್ಲೇ ಇಲ್ವಲ್ಲ. ದುಡ್ಡು ಹೋಗೋದು ಎಫ್‌ಐಡಿ (ರೈತರ ಗುರುತಿನ ನಂಬರ್) ಮೇಲೆ, ಅಂದ್ರೆ ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ಯಾರ ಆಧಾರ್‌ಗೆ ಆ ಸರ್ವೆ ನಂಬರ್ ಜೋಡ್ಸಿದಾರೋ ಅವ್ರಿಗೆ. ತೀರ್ಕೊಂಡವ್ರ ಆಧಾರ್‌ಗೆ ಯಾರು ಹಾಕ್ತಾರೆ ಹೇಳಿ. ಸರ್ವೇ ಆಗಿದ್ರೂ ಅಲ್ಲೇ ಸಿಕ್ಕಾಕೊಂಡಿರುತ್ತೆ.

ತೊಗರಿ ಕಣಜ:
ರೇಟ್ ಕೇಳೀರಲ್ರಿ, 2025ರಾಗ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಲೆಕ್ಕದಾಗ ಖುಷ್ಕಿಗೆ, ಅಂದ್ರ ಮಳಿ ನಂಬಿದ ಹೊಲಕ್ಕ, ಹೆಕ್ಟೇರಿಗೆ 8,500, ನೀರಾವರಿಗೆ 17,000, ತ್ವಾಟಕ್ಕ 22,500. ಆ ವರ್ಷದ ಹಾನಿಗೆ ರಾಜ್ಯದವ್ರು ಇದ್ರ ಮ್ಯಾಲ ಇನ್ನಾ 8,500 ಕೊಡ್ತೀವಿ ಅಂದ್ರು, ಹಂಗಾಗಿ ಖುಷ್ಕಿ ತೊಗರಿಗೆ 17,000 ಆಯ್ತು. ಹೆಕ್ಟೇರ್ ಅಂದ್ರ ಸುಮಾರು ಎರಡೂವರಿ ಎಕರೆ, ಅಂದಮ್ಯಾಲ ಎಕರೆಗ ಏಳು ಸಾವಿರದ ಒಳಗ. ಬೀಜ, ಗೊಬ್ರ, ಎಣ್ಣಿ ಹೊಡಿಯೋ ಆಳು ಎಲ್ಲಾ ಕೂಡಿಸಿದ್ರ ಖರ್ಚರೆ ಹುಟ್ಟತದೇನು? ಅದೂ ಎರಡು ಹೆಕ್ಟೇರಿಗಷ್ಟೇ, ಮತ್ತ 33 ಪರ್ಸೆಂಟ್‌ಕಿಂತ ಕಡಿಮಿ ಹಾಳಾಗ್ಯದ ಅಂತ ಬರದ್ರ ಅದೂ ಇಲ್ಲ. ಇದಕ್ಕ ಪರಿಹಾರ ಅನ್ನೂದಕ್ಕಿಂತ ಕೈಗಡ ಅಂದ್ರ ಸರಿ ಆಗ್ತದ.



ಹಳ್ಳಿ ಲಾಯರ್:
ರೇಟ್ ವಿಷ್ಯ ಆಮೇಲೆ ಮಾತಾಡಿ, ಇವ್ರದ್ದು ಪೌತಿ ಖಾತೆ ಸಮಸ್ಯೆ, ಅಂದ್ರೆ ತೀರ್ಕೊಂಡವ್ರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಖಾತೆ ಆಗಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಕೊಂಡು ಗ್ರಾಮ ಆಡಳಿತಾಧಿಕಾರಿ ಹತ್ರ ಹೋಗ್ಲಿ, ಈಗ ಇ-ಪೌತಿ ಆಂದೋಲನ ಅಂತ ಅವ್ರೇ ಊರೂರಿಗೆ ಬಂದು ಮಾಡ್ಬೇಕು. ಚಿಕ್ಕಪ್ಪ, ಅತ್ತೆಯಂದಿರು ಇದ್ರೆ ಎಲ್ರ ಹೆಸ್ರೂ ಜಂಟಿಯಾಗಿ ಕೂರುತ್ತೆ, ಅಲ್ಲೇ ಜಗಳ ಶುರು ಆಗೋದು, ಭಾಗ ಮಾಡ್ಕೊಳ್ಳೋದು ಬೇರೆ ಕೆಲ್ಸ, ಎರಡನ್ನೂ ಒಟ್ಟಿಗೆ ಎಳೀಬೇಡಿ. ಖಾತೆ ಆದ್ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿಗೆ ಸರ್ವೆ ನಂಬರ್ ಸೇರಿಸ್ಬೇಕು, ಅದು ತಾನಾಗೇ ಆಗುತ್ತೆ ಅಂತ ಸುಮ್ನೆ ಕೂತ್ರೆ ಮುಂದಿನ ವರ್ಷಾನೂ ಇದೇ ಕಥೆ. ಈ ಸಲದ್ದು ಸಿಗುತ್ತೋ ಇಲ್ವೋ, ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ, ಬಾಯಿಮಾತಲ್ಲಿ ಕೇಳಿದ್ರೆ ಏನೂ ಉಳಿಯಲ್ಲ.

ಕರಿಮಣ್ಣು:
ಥ್ಯಾಂಕ್ಸ್ರಿ. ಸರ್ವೆ ನಂಬರ್ ಹಾಕಿ ನೋಡ್ದೆ, ನಮ್ಮ ಹಿಸ್ಸಾ ಲಿಸ್ಟಿನಾಗೇ ಇಲ್ಲ, ಬಾಜೂದವ್ರದ್ದು ಅದ. ಇಬ್ರು ಕಾಕಾ ಅದಾರ, ಒಬ್ರು ಪುಣೆದಾಗ. ಅವರ ಆಧಾರನೂ ಬೇಕಾ?

ಹಳ್ಳಿ ಲಾಯರ್:
ಬೇಕು. ವಂಶವೃಕ್ಷದಲ್ಲಿ ಯಾರ್ ಯಾರ್ ಇದಾರೋ ಎಲ್ರದ್ದೂ.

ಮಂಡ್ಯದ್ ಹೈದ:
ಹಂಗೇ ತಂದೆ ಅಕೌಂಟ್‌ಗೆ ಆಧಾರ್ ಮ್ಯಾಪಿಂಗ್ ಆಗಿದ್ಯಾ ಬ್ಯಾಂಕಲ್ಲಿ ಕೇಳಿ, ಬರೀ ಲಿಂಕ್ ಆಗಿದೆ ಅಂದ್ರೆ ಸಾಲ್ದು, ಎನ್‌ಪಿಸಿಐ (ಆಧಾರ್ ಮೇಲೆ ಬರೋ ಸರ್ಕಾರಿ ದುಡ್ಡು ಯಾವ ಅಕೌಂಟ್‌ಗೆ ಹೋಗ್ಬೇಕು ಅನ್ನೋ ಜೋಡಣೆ) ಆಗಿದ್ಯಾ ಅಂತಾನೇ ಕೇಳಿ.